ಬಿಲ್ಡರ್ ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು?

ಪ್ರಶ್ನೆ: ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದ ಅಂಚಿನಲ್ಲಿ, ಹೊಸ ಎಸ್ಟೇಟಿನಲ್ಲಿ, ಅಂದರೆ ಬಿಲ್ಡರ್ ಕಟ್ಟುತ್ತಿರುವ ಬಡಾವಣೆಯಲ್ಲಿ, ನಾವು ಮನೆ ತಗೊಂಡು ಮೂರು ವರ್ಷ ಆಯಿತು. ಒಟ್ಟು 240 ಮನೆ. ಈಗ ಸುಮಾರು 170 ಮನೆಗೆ ಜನ ಬಂದಿದ್ದಾರೆ. ಮನೆ ನೋಡಲು ಹೋದಾಗ ಸೇಲ್ಸ್ ಆಫೀಸಿನ ನಕ್ಷೆಯಲ್ಲಿ ಮಕ್ಕಳ ಆಟದ ಜಾಗ ಇತ್ತು. ಪಕ್ಕದ ಶಾಲೆ ದೊಡ್ಡದಾಗುತ್ತದೆ, ಅದಕ್ಕೆ ನಾವೇ ದುಡ್ಡು ಕೊಡುತ್ತಿದ್ದೇವೆ ಅಂತಲೂ ಹೇಳಿದ್ದರು. ಇವತ್ತಿಗೂ ಆಟದ ಜಾಗದಲ್ಲಿ ಮಣ್ಣಿನ ಗುಡ್ಡೆ ಇದೆ. ಶಾಲೆಯಲ್ಲಿ ಸೀಟಿಲ್ಲ, ಮಗಳನ್ನು ಎರಡೂವರೆ ಮೈಲಿ ದೂರ ಬಿಟ್ಟು ಬರುತ್ತೇವೆ. ಜಿಪಿ, ಅಂದರೆ ಊರಿನ ಡಾಕ್ಟರ್ ಹತ್ತಿರ ಹೋಗಬೇಕಂದರೆ ಮೂರು ವಾರ ಕಾಯಬೇಕು. ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಸಾಲದು ಅಂತ ವರ್ಷಕ್ಕೆ 300 ಪೌಂಡ್ ಎಸ್ಟೇಟ್ ಚಾರ್ಜ್ ಬೇರೆ. ಬಿಲ್ಡರ್‌ನ ಕೇಳಿದರೆ 'ಕೌನ್ಸಿಲ್‌ಗೆ ಕೊಟ್ಟಿದ್ದೇವೆ' ಅಂತಾರೆ. ಕೌನ್ಸಿಲ್‌ನ ಕೇಳಿದರೆ 'ಕೌಂಟಿಯನ್ನು ಕೇಳಿ' ಅಂತಾರೆ. ಆ ದುಡ್ಡು ಯಾರು ತಿಂದರು?

ಉತ್ತರ: ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಯಾರೂ ದುಡ್ಡು ತಿಂದಿರುವ ಹಾಗೆ ಕಾಣುವುದಿಲ್ಲ. ಹಾಗಂತ ಎಲ್ಲ ಸರಿಯಾಗಿದೆ ಅಂತಲೂ ಅಲ್ಲ. ನೀವು ಕಳಿಸಿದ ಪ್ಲ್ಯಾನಿಂಗ್ ಅರ್ಜಿಯ ನಂಬರ್ ಹಾಕಿ ನಿಮ್ಮ ಎಸ್ಟೇಟಿನ ಬಗ್ಗೆ ಬಿಲ್ಡರ್ ಮತ್ತು ಕೌನ್ಸಿಲ್ ಮಾಡಿಕೊಂಡ ಒಪ್ಪಂದವನ್ನು ಪೂರ್ತಿ ಓದಿದೆ, 64 ಪುಟ ಇದೆ. ಶಾಲೆಯ ವಿಷಯದಲ್ಲಿ ನೀವು ಕಾಯಲೇಬೇಕು, ಅದಕ್ಕೆ ಕಾರಣ ಇದೆ. ಆದರೆ ಆಟದ ಜಾಗದ ವಿಷಯದಲ್ಲಿ ಒಂದು ದಿನವೂ ಕಾಯಬೇಕಾಗಿಲ್ಲ, ಯಾಕಂದರೆ ಅಲ್ಲಿ ಬಿಲ್ಡರ್ ಒಪ್ಪಂದ ಮುರಿದಿದ್ದಾರೆ. ಈ ಎರಡನ್ನೂ ಒಂದೇ ದೂರಿನಲ್ಲಿ ಹಾಕಿ ಬರೆದಿದ್ದಕ್ಕೇ ನಿಮಗೆ ಸರಿಯಾದ ಉತ್ತರ ಸಿಗಲಿಲ್ಲ ಅಂತ ನನಗನಿಸುತ್ತದೆ. ನಾನು ಹನ್ನೊಂದು ವರ್ಷ ಕೌನ್ಸಿಲ್ ಕಡೆ ಕೂತು ಇಂಥ ಒಪ್ಪಂದಗಳ ಮೇಲೆ ಕಣ್ಣಿಡುವ ಕೆಲಸವನ್ನೇ ಮಾಡಿದವನು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇದು ಇಂಗ್ಲೆಂಡಿನ ಲೆಕ್ಕ. ಸ್ಕಾಟ್ಲೆಂಡಿನಲ್ಲಿ ಕಾನೂನೇ ಬೇರೆ.

ಬಿಲ್ಡರ್ ಕೊಡುವ ದುಡ್ಡು ಅಂದ ತಕ್ಷಣ ಎಲ್ಲರ ತಲೆಯಲ್ಲೂ ಒಂದು ದೊಡ್ಡ ಹುಂಡಿ ಬರುತ್ತದೆ. ಬಿಲ್ಡರ್ ಹಾಕುತ್ತಾನೆ, ಕೌನ್ಸಿಲ್ ತೆಗೆಯುತ್ತದೆ. ನಿಜದಲ್ಲಿ ಹುಂಡಿ ಎರಡಿವೆ, ಎರಡಕ್ಕೂ ಕಾನೂನು ಬೇರೆ, ಬೀಗ ಬೇರೆ.

ಮೊದಲನೆಯದು ಸೆಕ್ಷನ್ 106. 1990ರ ಟೌನ್ ಅಂಡ್ ಕಂಟ್ರಿ ಪ್ಲ್ಯಾನಿಂಗ್ ಆಕ್ಟ್‌ನ 106ನೇ ಸೆಕ್ಷನ್, ಅದಕ್ಕೇ ಆ ಹೆಸರು. ಇದು ತೆರಿಗೆ ಅಲ್ಲ, ಒಪ್ಪಂದ. ಪ್ಲ್ಯಾನಿಂಗ್ ಪರ್ಮಿಷನ್ ಕೊಡುವ ಮೊದಲು ಜಮೀನಿನ ಮಾಲೀಕರು, ಬಿಲ್ಡರ್, ಕೌನ್ಸಿಲ್ ಎಲ್ಲರೂ ಕೂತು ಸಹಿ ಹಾಕುತ್ತಾರೆ. ಒಪ್ಪಂದ ಜಮೀನಿಗೆ ಅಂಟಿಕೊಂಡಿರುತ್ತದೆ. ಬಿಲ್ಡರ್ ಜಮೀನು ಮಾರಿ ಹೋದರೂ ಕೊಂಡವನ ಹೆಗಲಿಗೆ ಅದು ಬರುತ್ತದೆ. ಇಷ್ಟು ದುಡ್ಡು, ಇಂಥ ಕೆಲಸಕ್ಕೆ, ಇಷ್ಟನೇ ಮನೆಗೆ ಜನ ಬರುವ ಮೊದಲು, ಇಷ್ಟು ವರ್ಷದೊಳಗೆ ಖರ್ಚಾಗದಿದ್ದರೆ ವಾಪಸ್. ಎಲ್ಲವೂ ಅದರಲ್ಲಿ ಬರೆದಿರುತ್ತದೆ.

ಎರಡನೆಯದು ಕಮ್ಯುನಿಟಿ ಇನ್‌ಫ್ರಾಸ್ಟ್ರಕ್ಚರ್ ಲೆವಿ. ಬಾಯಲ್ಲಿ ಎಲ್ಲರೂ 'ಸಿಲ್' ಅನ್ನುತ್ತಾರೆ. 2008ರ ಪ್ಲ್ಯಾನಿಂಗ್ ಆಕ್ಟ್‌ನಲ್ಲಿ ಬಂದು 2010ರಲ್ಲಿ ಜಾರಿಯಾಯಿತು. ಇದು ಹೆಚ್ಚುಕಡಿಮೆ ತೆರಿಗೆಯೇ. ಹೊಸದಾಗಿ ಕಟ್ಟಿದ ಪ್ರತಿ ಚದರ ಮೀಟರಿಗೆ ಇಷ್ಟು ಪೌಂಡ್ ಅಂತ ಕೌನ್ಸಿಲ್ ದರ ಪಟ್ಟಿ ಹಾಕಿರುತ್ತದೆ, ಚೌಕಾಸಿ ಇಲ್ಲ. ಎಲ್ಲ ಕೌನ್ಸಿಲ್‌ಗಳೂ ಇದನ್ನು ಜಾರಿ ಮಾಡಿಲ್ಲ, ಮಾಡಲೇಬೇಕು ಅಂತ ನಿಯಮವೂ ಇಲ್ಲ. ಲಂಡನ್ನಿನಲ್ಲಿ ಬರೋ ಕೌನ್ಸಿಲ್ ಜೊತೆಗೆ ಮೇಯರ್ ಕೂಡ ಒಂದು ಸಿಲ್ ಹಾಕುತ್ತಾರೆ. 2012ರಿಂದ ಹಾಗೆ ಕೂಡಿಸಿದ ದುಡ್ಡು ಹೋಗಿದ್ದು ಕ್ರಾಸ್‌ರೈಲ್‌ಗೆ, ಅಂದರೆ ಈಗ ಜನ ಓಡಾಡುವ ಎಲಿಜಬೆತ್ ಲೈನಿಗೆ.

ನಿಮ್ಮ ಕಡೆ ಎರಡೂ ಇವೆ. ಮೊದಲು ಸೆಕ್ಷನ್ 106 ನೋಡೋಣ, ನಿಮ್ಮ ಶಾಲೆ ಮತ್ತು ಆಟದ ಜಾಗ ಎರಡೂ ಅಲ್ಲೇ ಇರೋದು.

ಕೌನ್ಸಿಲ್ ಮನಸ್ಸಿಗೆ ಬಂದಷ್ಟು ಕೇಳುವ ಹಾಗಿಲ್ಲ. ಮೂರು ಪರೀಕ್ಷೆ ಇವೆ. ಕೇಳುವ ವಸ್ತು ಇಲ್ಲದೆ ಆ ಮನೆಗಳಿಗೆ ಪರ್ಮಿಷನ್ ಕೊಡೋದೇ ಸರಿಯಲ್ಲ ಅನ್ನುವಷ್ಟು ಅದು ಅಗತ್ಯ ಇರಬೇಕು. ಆ ಮನೆಗಳಿಗೇ ನೇರ ಸಂಬಂಧ ಇರಬೇಕು. ಮನೆಗಳ ಗಾತ್ರಕ್ಕೆ ತಕ್ಕಷ್ಟು ಇರಬೇಕು. ಪರ್ಮಿಷನ್ ಅನ್ನೋದು ಮಾರಾಟಕ್ಕಿಟ್ಟ ಸರಕಲ್ಲ ಅನ್ನುವುದೇ ಇದರ ಹಿಂದಿನ ಮಾತು. ಇದಕ್ಕೆ ಹಳೆಯ ಒಂದು ಕೇಸ್ ಇದೆ. ಆಕ್ಸ್‌ಫರ್ಡ್‌ಶೈರಿನ ವಿಟ್ನಿ ಪಟ್ಟಣದಲ್ಲಿ ಸೂಪರ್‌ಮಾರ್ಕೆಟ್ ಕಟ್ಟಲು ಒಂದಕ್ಕಿಂತ ಹೆಚ್ಚು ಕಂಪನಿ ಪೈಪೋಟಿಗೆ ಬಿದ್ದಿದ್ದವು. ಟೆಸ್ಕೋ ಆ ಊರಿಗೆ ಬೇಕಾಗಿದ್ದ ಹೊಸ ರಸ್ತೆಯ ಪೂರ್ತಿ ಖರ್ಚು, 66 ಲಕ್ಷ ಪೌಂಡ್, ತಾನೇ ಹಾಕುತ್ತೇನೆ ಅಂದಿತು. ಆದರೆ ಆ ಅಂಗಡಿಯಿಂದ ಆ ರಸ್ತೆಯಲ್ಲಿ ಹೆಚ್ಚಾಗುವ ಓಡಾಟ ತೀರಾ ಕಡಿಮೆ. ಮಂತ್ರಿ ಆ ಕೊಡುಗೆಗೆ ಹೆಚ್ಚು ಬೆಲೆ ಕೊಡಲಿಲ್ಲ, ಪರ್ಮಿಷನ್ ಬೇರೆ ಅರ್ಜಿದಾರರಿಗೆ ಹೋಯಿತು, 1995ರಲ್ಲಿ, ಆಗ ದೇಶದ ಅತಿ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಕೂಡ ಮಂತ್ರಿ ಮಾಡಿದ್ದು ಸರಿ ಅಂದಿತು. ದುಡ್ಡಿರುವವನು ಜಾಸ್ತಿ ಕೊಟ್ಟು ಪರ್ಮಿಷನ್ ತಗೊಳ್ಳುವ ಹಾಗಿದ್ದರೆ ಊರುಗಳ ಗತಿ ಏನಾಗುತ್ತಿತ್ತು ಯೋಚಿಸಿ. ಅದಕ್ಕೇ ಈ ನಿಯಮ ಎಷ್ಟೇ ಕಿರಿಕಿರಿ ಅನಿಸಿದರೂ ನನಗೆ ಅದರ ಮೇಲೆ ಗೌರವ ಇದೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಬಿಲ್ಡರ್‌ಗಳ ಕೊಡುಗೆಯಲ್ಲಿ ದೊಡ್ಡ ಪಾಲು ದುಡ್ಡೇ ಅಲ್ಲ, ಮನೆ. 2018-19ರಲ್ಲಿ ಇಂಗ್ಲೆಂಡಿನಲ್ಲಿ ಬಿಲ್ಡರ್‌ಗಳು ಒಪ್ಪಿಕೊಂಡ ಒಟ್ಟು ಕೊಡುಗೆ ಸುಮಾರು 700 ಕೋಟಿ ಪೌಂಡ್ ಅಂತ ಸರ್ಕಾರಕ್ಕಾಗಿ ಮಾಡಿದ ಅಧ್ಯಯನ ಲೆಕ್ಕ ಹಾಕಿತ್ತು. ಅದರಲ್ಲಿ 470 ಕೋಟಿ ಕೈಗೆಟಕುವ ಬೆಲೆಯ ಮನೆಗಳ ರೂಪದಲ್ಲಿ. ನಿಮ್ಮ ಎಸ್ಟೇಟಿನಲ್ಲೂ 240ರಲ್ಲಿ 72 ಮನೆ ಹಾಗೆ ಹೌಸಿಂಗ್ ಅಸೋಸಿಯೇಷನ್‌ಗೆ, ಅಂದರೆ ಕೈಗೆಟಕುವ ಬೆಲೆಗೆ ಮನೆ ಒದಗಿಸುವ ಸಂಸ್ಥೆಗೆ, ಹೋಗಿವೆ. ಶಾಲೆ, ಪಾರ್ಕು, ರಸ್ತೆ ಎಲ್ಲ ಉಳಿದ ಪಾಲಿನಲ್ಲೇ ಆಗಬೇಕು.

ಈಗ ನಿಮ್ಮ ಮಗಳ ಶಾಲೆ. ಅದನ್ನು ನೋಡಿಕೊಳ್ಳುವುದು ಕೌಂಟಿ, ಅಂದರೆ ನಿಮ್ಮ ಡಿಸ್ಟ್ರಿಕ್ಟ್ ಕೌನ್ಸಿಲ್‌ಗಿಂತ ಮೇಲಿನ ಹಂತದ ಕೌನ್ಸಿಲ್. ಅವರು ಲೆಕ್ಕ ಹಾಕುವ ರೀತಿ ಸರಳ. ನಿಮ್ಮ ಒಪ್ಪಂದದಲ್ಲಿ ನಾಲ್ಕು ಮನೆಗೆ ಒಂದು ಪ್ರೈಮರಿ ಮಗು ಅಂತ ಹಿಡಿದಿದ್ದಾರೆ. 240 ಮನೆಗೆ 60 ಮಕ್ಕಳು. ಆದರೆ ಅವತ್ತು ಪಕ್ಕದ ಶಾಲೆಯಲ್ಲಿ 20 ಸೀಟು ಖಾಲಿ ಇದ್ದವು. ಖಾಲಿ ಇರುವ ಸೀಟಿಗೆ ಬಿಲ್ಡರ್ ದುಡ್ಡು ಕೊಡಬೇಕಾಗಿಲ್ಲ, ಅದನ್ನು ಕಳೆಯಬೇಕು. ಉಳಿದದ್ದು 40 ಸೀಟು. ಒಂದು ಸೀಟಿಗೆ 20,000 ಪೌಂಡ್, ಒಟ್ಟು 8 ಲಕ್ಷ ಪೌಂಡ್. ಅರ್ಧ ದುಡ್ಡು 80ನೇ ಮನೆಗೆ ಜನ ಬರುವ ಮೊದಲು, ಇನ್ನರ್ಧ 180ನೇ ಮನೆಗೆ ಜನ ಬರುವ ಮೊದಲು. ಇನ್ನೂ 170ರಲ್ಲಿ ಇದ್ದೀರಿ. ಅಂದರೆ 4 ಲಕ್ಷ ಬಂದು ಕೌಂಟಿಯ ಖಾತೆಯಲ್ಲಿ ಕೂತಿದೆ. ಇನ್ನು 4 ಲಕ್ಷ ಬಂದೇ ಇಲ್ಲ, ಬರುವ ಹೊತ್ತೂ ಆಗಿಲ್ಲ. ಬಿಲ್ಡರ್ 'ಕೊಟ್ಟಿದ್ದೇವೆ' ಅಂದದ್ದು ಅರ್ಧ ನಿಜ.

ಬಂದ 4 ಲಕ್ಷದಲ್ಲಿ ಕೆಲಸ ಶುರು ಮಾಡಬಾರದಾ? ಇಲ್ಲೇ ಅಸಲಿ ತೊಡಕು. ದುಡ್ಡು ಸೀಟಿನ ಲೆಕ್ಕದಲ್ಲಿ ಬರುತ್ತದೆ, ಶಾಲೆ ಮಾತ್ರ ತರಗತಿಯ ಲೆಕ್ಕದಲ್ಲಿ ಬೆಳೆಯಬೇಕು. 40 ಸೀಟು ಅಂದರೆ ಯಾವ ತರಗತಿ? ಮಕ್ಕಳು ಒಂದೇ ವಯಸ್ಸಿನವರಲ್ಲ, ಶಾಲೆಯ ಮೊದಲ ತರಗತಿಯಾದ ರಿಸೆಪ್ಷನ್‌ನಿಂದ ಆರನೇ ವರ್ಷದವರೆಗೆ ಏಳು ತರಗತಿಗಳಲ್ಲಿ ಹಂಚಿಕೊಂಡಿರುತ್ತಾರೆ. ಸಾಮಾನ್ಯವಾಗಿ ಶಾಲೆಯನ್ನು ದೊಡ್ಡದು ಮಾಡುವಾಗ ಪ್ರತಿ ವರ್ಷದ ಸಾಲಿಗೆ 15 ಮಕ್ಕಳನ್ನಾದರೂ ಸೇರಿಸುತ್ತಾರೆ. ಏಳು ಸಾಲಿಗೆ 105 ಸೀಟು. ನಿಮ್ಮ ಎಸ್ಟೇಟಿನ ದುಡ್ಡು 40 ಸೀಟಿಗೆ ಮಾತ್ರ. ಉಳಿದ 65 ಸೀಟಿನ ದುಡ್ಡು ಪಟ್ಟಣದ ಆಚೆ ಬದಿಯಲ್ಲಿ ಬರಲಿರುವ ಇನ್ನೊಂದು ಎಸ್ಟೇಟಿನಿಂದ ಬರಬೇಕು, ಇಲ್ಲವೇ ಕೌಂಟಿ ತನ್ನ ಕೈಯಿಂದ ಹಾಕಬೇಕು. ಹಿಂದೆ ಇದು ಇನ್ನೂ ಕಷ್ಟ ಇತ್ತು. ಒಂದೇ ಕೆಲಸಕ್ಕೆ ಐದಕ್ಕಿಂತ ಹೆಚ್ಚು ಒಪ್ಪಂದಗಳ ದುಡ್ಡು ಕೂಡಿಸಬಾರದು ಅಂತ ನಿಯಮ ಇತ್ತು, ಅದನ್ನು 2019ರ ಸೆಪ್ಟೆಂಬರ್‌ನಲ್ಲಿ ತೆಗೆದರು. ತೆಗೆದದ್ದು ಬಹಳ ಒಳ್ಳೆಯದಾಯಿತು. ಆರನೇ ಎಸ್ಟೇಟ್ ಬಂದಾಗ ಶಾಲೆಗೆ ದುಡ್ಡು ಕೇಳಲಾಗದೆ ಕೈಕಟ್ಟಿ ಕೂತ ದಿನಗಳು ನನಗೆ ಚೆನ್ನಾಗಿ ನೆನಪಿವೆ.

ನಿಮ್ಮ ಒಪ್ಪಂದದಲ್ಲಿ ವಾಪಸ್ ಮಾಡುವ ಅವಧಿ, ಕೊನೆಯ ಕಂತು ಬಂದ ದಿನದಿಂದ 10 ವರ್ಷ. ಕೊನೆಯ ಕಂತೇ ಬಂದಿಲ್ಲ. ಆದ್ದರಿಂದ ದುಡ್ಡು ಕೈತಪ್ಪುವ ಭಯ ಸದ್ಯಕ್ಕಿಲ್ಲ. ಆದರೆ ನಿಮ್ಮ ಮಗಳಿಗೆ 10 ವರ್ಷ ಕಾಯುವುದಕ್ಕೆ ಆಗುತ್ತದಾ? ಅಷ್ಟರಲ್ಲಿ ಅವಳು ಪ್ರೈಮರಿ ಮುಗಿಸಿ ಸೆಕೆಂಡರಿಯಲ್ಲಿ ಇರುತ್ತಾಳೆ. ಈ ವ್ಯವಸ್ಥೆಯ ದೊಡ್ಡ ಲೋಪ ಇದೇ ಅಂತ ನಾನು ಮೊದಲಿಂದಲೂ ಹೇಳುತ್ತಾ ಬಂದಿದ್ದೇನೆ. ಜನ ಮೊದಲು ಬರುತ್ತಾರೆ, ದುಡ್ಡು ಆಮೇಲೆ, ಕಟ್ಟಡ ಅದರ ಆಮೇಲೆ. ಮೊದಲ ನೂರು ಮನೆಯ ಮಕ್ಕಳು ಆ ಹೊಸ ಕಟ್ಟಡಕ್ಕೆ ಹೋಗುವುದೇ ಇಲ್ಲ.

ಆಟದ ಜಾಗದ ಕಥೆ ಪೂರ್ತಿ ಬೇರೆ. ಅಲ್ಲಿ ಬಿಲ್ಡರ್ ಕೌನ್ಸಿಲ್‌ಗೆ ದುಡ್ಡು ಕೊಡುವ ಮಾತೇ ಇಲ್ಲ. ತಾನೇ ಕಟ್ಟಿಕೊಡಬೇಕು. ಒಪ್ಪಂದದ ಮೂರನೇ ಶೆಡ್ಯೂಲ್ (ಅನುಬಂಧ), ಎರಡನೇ ಪ್ಯಾರಾ ನೋಡಿ. ಮಕ್ಕಳ ಆಟದ ಜಾಗವನ್ನು ಒಪ್ಪಿಗೆಯಾದ ನಕ್ಷೆಯ ಪ್ರಕಾರ ಮುಗಿಸಿ ತೆರೆಯುವ ತನಕ 150ಕ್ಕಿಂತ ಹೆಚ್ಚು ಮನೆಗಳಲ್ಲಿ ಜನ ಇರುವಂತಿಲ್ಲ ಅಂತ ಅಲ್ಲಿದೆ. ನೀವು ಹೇಳಿದ ಹಾಗೆ 170 ಮನೆ ತುಂಬಿದ್ದರೆ, 151ನೇ ಮನೆಯ ಕೀಲಿ ಕೊಟ್ಟ ದಿನವೇ ಒಪ್ಪಂದ ಮುರಿದಿದೆ.

ಹಾಗಾದರೆ ಕೌನ್ಸಿಲ್ ಯಾಕೆ ಸುಮ್ನೆ ಕೂತಿದೆ ಅಂತ ನಿಮಗೆ ಸಿಟ್ಟು ಬರುತ್ತದೆ, ಬರಬೇಕು. ಆದರೆ ಒಂದು ಕ್ಷಣ ಆ ಕುರ್ಚಿಯಲ್ಲಿ ಕೂತು ನೋಡಿ. 150ನೇ ಮನೆಗೆ ಜನ ಬಂದದ್ದು ಕೌನ್ಸಿಲ್‌ಗೆ ಗೊತ್ತಾಗುವುದು ಹೇಗೆ? ಬಿಲ್ಡರ್ ತಿಳಿಸಬೇಕು ಅಂತ ಒಪ್ಪಂದದಲ್ಲಿ ಇರುತ್ತದೆ. ಬಿಲ್ಡರ್‌ನ ಸೈಟ್ ಮ್ಯಾನೇಜರ್ ಬದಲಾಗಿರುತ್ತಾರೆ, ಒಪ್ಪಂದ ಹೆಡ್ ಆಫೀಸಿನ ಕಪಾಟಿನಲ್ಲಿ ಇರುತ್ತದೆ, ತಿಳಿಸುವುದಿಲ್ಲ. ಕೌನ್ಸಿಲ್‌ನಲ್ಲಿ ಇದನ್ನೆಲ್ಲ ನೋಡಿಕೊಳ್ಳುವ ಮಾನಿಟರಿಂಗ್ ಆಫೀಸರ್ ಅನೇಕ ಕಡೆ ಒಬ್ಬರೇ. ನಾನೂ ಹಾಗೆ ಒಬ್ಬನೇ ಇದ್ದೆ. ಆರು ನೂರಕ್ಕೂ ಜಾಸ್ತಿ ಒಪ್ಪಂದಗಳು, ಒಂದು ಸ್ಪ್ರೆಡ್‌ಶೀಟ್. ಅನುಮಾನ ಬಂದರೆ ಸೈಟಿಗೆ ಹೋಗುತ್ತಿದ್ದೆ. ಒಂದು ಮಂಗಳವಾರ ಬೆಳಿಗ್ಗೆ, ಕಸದ ಗಾಡಿ ಬರುವ ದಿನವೇ ನೋಡಿಕೊಂಡು, ಒಂದು ಎಸ್ಟೇಟಿನಲ್ಲಿ ನಡೆದು ಎಣಿಸಿದೆ. ಬಾಗಿಲ ಮುಂದೆ ವೀಲಿ ಬಿನ್ ಇಟ್ಟ ಮನೆ ಒಂದು ಗೆರೆ. ಬಿನ್ ಇಲ್ಲ, ಆದರೆ ಕಿಟಕಿಗೆ ಪರದೆ ಇದೆ, ಅದಕ್ಕೂ ಒಂದು ಗೆರೆ. ಪರದೆಯ ಬದಲು ಬೆಡ್‌ಶೀಟ್ ಕಟ್ಟಿಕೊಂಡ ಮನೆಗಳೂ ಇದ್ದವು, ಹೊಸದಾಗಿ ಬಂದವರು ಪಾಪ. 93 ಆಯಿತು. ಬಿಲ್ಡರ್ ನಮಗೆ ಹೇಳಿದ್ದು 71. ನಡುವೆ 75ನೇ ಮನೆಗೆ ಕೊಡಬೇಕಾದ ಒಂದು ಕಂತು ಇತ್ತು, ನಾಲ್ಕು ತಿಂಗಳ ಹಿಂದೆಯೇ ಬರಬೇಕಾಗಿದ್ದು. ಮೋಸ ಮಾಡಬೇಕು ಅಂತ ಮಾಡಿದ್ದಲ್ಲ ಅಂತಲೇ ನಾನು ಇವತ್ತಿಗೂ ನಂಬಿದ್ದೇನೆ, ಆದರೆ ಯಾರೂ ಎಣಿಸದಿದ್ದರೆ ಆ ದುಡ್ಡು ಇನ್ನೂ ತಡವಾಗುತ್ತಿತ್ತು.

ಆದ್ದರಿಂದ ಎಣಿಸುವ ಕೆಲಸ ನೀವೇ ಮಾಡಬಹುದು, ಅಲ್ಲೇ ಇರುವವರು ನೀವು. ಮನೆ ನಂಬರ್ ಬರೆದು, ಸುಮಾರು ಯಾವ ತಿಂಗಳು ಜನ ಬಂದರು ಅಂತ ಪಕ್ಕದಲ್ಲಿ ಬರೆಯಿರಿ. ಜನರ ಹೆಸರು ಬೇಡ. ಮಣ್ಣಿನ ಗುಡ್ಡೆಯ ಫೋಟೋ, ತಾರೀಖು ಕಾಣುವ ಹಾಗೆ. ಆಮೇಲೆ ಕೌನ್ಸಿಲ್‌ನ ಸಾಮಾನ್ಯ ದೂರು ಪುಟಕ್ಕೆ ಹಾಕಬೇಡಿ, ಅಲ್ಲಿ ಕಳೆದುಹೋಗುತ್ತದೆ. 'ಸೆಕ್ಷನ್ 106 ಮಾನಿಟರಿಂಗ್ ಆಫೀಸರ್' ಅಂತ ವಿಳಾಸ ಹಾಕಿ ಪ್ಲ್ಯಾನಿಂಗ್ ವಿಭಾಗಕ್ಕೆ ಬರೆಯಿರಿ. ಅರ್ಜಿ ನಂಬರ್, ಶೆಡ್ಯೂಲ್ ಮೂರು, ಪ್ಯಾರಾ ಎರಡು, ತುಂಬಿದ ಮನೆ ಇಷ್ಟು. ಕೊನೆಗೆ ಎರಡೇ ಪ್ರಶ್ನೆ: ಇದು ಒಪ್ಪಂದ ಮುರಿದ ಹಾಗೆ ಅಂತ ನೀವು ಒಪ್ಪುತ್ತೀರಾ, ಒಪ್ಪಿದರೆ ಯಾವ ತಾರೀಖಿನೊಳಗೆ ಏನು ಮಾಡುತ್ತೀರಿ? ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಒಂದು ಪ್ರತಿ. ಕೌನ್ಸಿಲ್ ಕೈಯಲ್ಲಿ ಗಟ್ಟಿ ಅಧಿಕಾರ ಇದೆ. ಕೋರ್ಟಿನಿಂದ ತಡೆಯಾಜ್ಞೆ ತರಬಹುದು. 21 ದಿನದ ನೋಟಿಸ್ ಕೊಟ್ಟು ತಾನೇ ಜಾಗಕ್ಕೆ ಇಳಿದು ಕೆಲಸ ಮಾಡಿಸಿ ಖರ್ಚನ್ನು ಬಿಲ್ಡರ್‌ನಿಂದ ವಸೂಲಿ ಮಾಡಬಹುದು. ಅಲ್ಲಿತನಕ ಹೋಗುವುದು ಅಪರೂಪ. ಪ್ಯಾರಾ ನಂಬರ್ ಹಾಕಿದ ಒಂದು ಪತ್ರ ಕೌನ್ಸಿಲ್‌ನಿಂದ ಬಿಲ್ಡರ್‌ನ ಹೆಡ್ ಆಫೀಸಿಗೆ ಹೋದರೆ ಸಾಮಾನ್ಯವಾಗಿ ಜೆಸಿಬಿ ಬರುತ್ತದೆ.

ಜಿಪಿ ವಿಷಯ. ನಿಮ್ಮ ಒಪ್ಪಂದದಲ್ಲಿ ಜಿಪಿಗೆ ಒಂದು ಪೌಂಡೂ ಇಲ್ಲ. ಅರ್ಜಿ ನಡೆಯುವಾಗ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನವರ ಅಭಿಪ್ರಾಯ ಕೇಳಿದ್ದಾರೆ, ಅವರ ಕಡೆಯಿಂದ ಉತ್ತರವೇ ಬಂದಿಲ್ಲ, ಫೈಲಿನಲ್ಲಿ ಹಾಗೇ ಇದೆ. ಕೇಳದಿದ್ದರೆ ಸಿಗುವುದಿಲ್ಲ, ಪರ್ಮಿಷನ್ ಕೊಟ್ಟ ಮೇಲೆ ಹೊಸದಾಗಿ ಕೇಳುವುದಕ್ಕೂ ಆಗುವುದಿಲ್ಲ. ನನಗೆ ಇದು ಓದಿ ಬೇಜಾರಾಯಿತು. ಕೇಳಿದ್ದರೂ ಡಾಕ್ಟರ್ ಕೂರುವ ಇನ್ನೊಂದು ಕೋಣೆ ಕಟ್ಟಲು ದುಡ್ಡು ಸಿಗುತ್ತಿತ್ತೇ ಹೊರತು ಡಾಕ್ಟರ ಸಂಬಳಕ್ಕೆ ಅಲ್ಲ. ಲೆಸ್ಟರ್‌ಶೈರಿನ ಲಟರ್‌ವರ್ತ್ ಪಕ್ಕ 2,750 ಮನೆಗಳ ಯೋಜನೆ ಬಂದಾಗ ಲೆಸ್ಟರಿನ ಆಸ್ಪತ್ರೆ ಟ್ರಸ್ಟ್, ಹೊಸ ಜನರಿಗೆ ಚಿಕಿತ್ಸೆ ಕೊಡುವಾಗ ಮೊದಮೊದಲು ಬೀಳುವ ಕೊರತೆಗೆ ಅಂತ 9 ಲಕ್ಷ ಪೌಂಡಿಗೂ ಜಾಸ್ತಿ ಕೇಳಿತ್ತು. ಕೌನ್ಸಿಲ್ ಕೊಡಿಸಲಿಲ್ಲ, ಟ್ರಸ್ಟ್ ಕೋರ್ಟಿಗೆ ಹೋಯಿತು, 2023ರಲ್ಲಿ ಹೈಕೋರ್ಟ್ ಕೌನ್ಸಿಲ್ ಪರವೇ ನಿಂತಿತು. ಎನ್‌ಎಚ್‌ಎಸ್‌ನ ದಿನನಿತ್ಯದ ಖರ್ಚಿಗೆ ಸರ್ಕಾರದ ಬೊಕ್ಕಸ ಇದೆ, ಅಲ್ಲಿಯ ಕೊರತೆಯನ್ನು ಬಿಲ್ಡರ್ ತಲೆಗೆ ಕಟ್ಟಬೇಕಾದರೆ ಬಲವಾದ ಆಧಾರ ಬೇಕು ಅನ್ನುವುದು ಅದರ ತಿರುಳು.

ಈಗ ಸಿಲ್. ನಿಮ್ಮ ಡಿಸ್ಟ್ರಿಕ್ಟ್ ಕೌನ್ಸಿಲ್‌ನ ದರ ಚದರ ಮೀಟರಿಗೆ 100 ಪೌಂಡ್ ಅಂತ ಲೆಕ್ಕಕ್ಕೆ ಹಿಡಿಯೋಣ. ಪ್ರತಿ ವರ್ಷ ಬೆಲೆ ಏರಿಕೆಗೆ ತಕ್ಕಂತೆ ಅದೂ ಏರುತ್ತದೆ, ಅದನ್ನು ಸದ್ಯ ಬಿಡಿ. ಕೈಗೆಟಕುವ ಬೆಲೆಯ 72 ಮನೆಗೆ ವಿನಾಯಿತಿ ಇದೆ. ಉಳಿದ 168 ಮನೆ, ಒಂದೊಂದು 100 ಚದರ ಮೀಟರ್. ಒಟ್ಟು 16,800 ಚದರ ಮೀಟರ್, 16 ಲಕ್ಷ 80 ಸಾವಿರ ಪೌಂಡ್. ಕೆಲಸ ಶುರುವಾದ ದಿನದಿಂದ 60 ದಿನದೊಳಗೆ ಕಟ್ಟಬೇಕು. ಕೌನ್ಸಿಲ್ ಕಂತಿನ ನಿಯಮ ಮಾಡಿದ್ದರೆ ಕಂತಿನಲ್ಲಿ.

ಈ ದುಡ್ಡು ಮೂರು ಪಾಲಾಗುತ್ತದೆ. ಕೌನ್ಸಿಲ್ ತನ್ನ ಆಡಳಿತ ಖರ್ಚಿಗೆ ಹೆಚ್ಚೆಂದರೆ ನೂರಕ್ಕೆ 5 ಇಟ್ಟುಕೊಳ್ಳಬಹುದು. ನೂರಕ್ಕೆ 15 ನಿಮ್ಮ ಪ್ಯಾರಿಷ್ ಅಥವಾ ಟೌನ್ ಕೌನ್ಸಿಲ್‌ಗೆ, ಊರಿನ ಮಟ್ಟದ ಚಿಕ್ಕ ಕೌನ್ಸಿಲ್ ಅದು. ಅಂದರೆ 2 ಲಕ್ಷ 52 ಸಾವಿರ ಪೌಂಡ್. ಆದರೆ ಇದಕ್ಕೆ ಒಂದು ಮಿತಿ ಇದೆ: ಆ ಪ್ಯಾರಿಷ್‌ನಲ್ಲಿ ಕೌನ್ಸಿಲ್ ಟ್ಯಾಕ್ಸ್ ಕಟ್ಟುವ ಮನೆ ಒಂದಕ್ಕೆ ವರ್ಷಕ್ಕೆ 100 ಪೌಂಡ್, ಮೇಲೆ ಬೆಲೆ ಏರಿಕೆ. 1,100 ಮನೆ ಇದ್ದರೆ ಒಂದು ವರ್ಷಕ್ಕೆ ಸುಮಾರು 1 ಲಕ್ಷ 10 ಸಾವಿರಕ್ಕೆ ನಿಂತುಬಿಡುತ್ತದೆ. ಊರಿನವರು ತಮ್ಮದೇ ನೇಬರ್‌ಹುಡ್ ಪ್ಲ್ಯಾನ್, ಅಂದರೆ ಊರು ಹೇಗೆ ಬೆಳೆಯಬೇಕು ಅನ್ನುವ ಯೋಜನೆ, ಮಾಡಿಕೊಂಡು, ಜನಮತದಲ್ಲಿ ಗೆದ್ದು ಜಾರಿಗೆ ತಂದಿದ್ದರೆ ಪಾಲು ನೂರಕ್ಕೆ 25, ಮಿತಿಯೂ ಇಲ್ಲ. ಇದೇ ಎಸ್ಟೇಟಿಗೆ 4 ಲಕ್ಷ 20 ಸಾವಿರ. ಪ್ಲ್ಯಾನ್ ಮಾಡಲು ಎರಡು-ಮೂರು ವರ್ಷ ಸಂಜೆ ಮೀಟಿಂಗ್‌ಗಳಲ್ಲಿ ಕೂರಬೇಕು, ನಿಜ. ಆದರೆ ಸುತ್ತಮುತ್ತ ಇನ್ನೂ ಎಸ್ಟೇಟ್‌ಗಳು ಬರುವುದಿದ್ದರೆ ಆ ಸಂಜೆಗಳಿಗೆ ಇದಕ್ಕಿಂತ ಒಳ್ಳೆಯ ಬೆಲೆ ಸಿಗಲಾರದು.

ಪ್ಯಾರಿಷ್ ಪಾಲಿಗೆ ಬೀಗ ತುಂಬಾ ಸಡಿಲ. ಬೆಳವಣಿಗೆಯಿಂದ ಊರಿನ ಮೇಲೆ ಬೀಳುವ ಹೊರೆಗೆ ಸಂಬಂಧಪಟ್ಟ ಯಾವುದಕ್ಕೂ ಖರ್ಚು ಮಾಡಬಹುದು. ಹಾಲ್‌ನ ಸೂರು, ಕಾಲುದಾರಿ, ಬೆಂಚು, ಕ್ರಿಕೆಟ್ ನೆಟ್. ಐದು ವರ್ಷದಲ್ಲಿ ಖರ್ಚು ಮಾಡದಿದ್ದರೆ ಡಿಸ್ಟ್ರಿಕ್ಟ್ ವಾಪಸ್ ಕೇಳಬಹುದು. ಈ ದುಡ್ಡನ್ನು ತೀರ್ಮಾನಿಸುವ ಮೀಟಿಂಗಿಗೆ ಬರುವ ಜನ ಎಷ್ಟು ಗೊತ್ತಾ? ನಾನು ಹೋದ ಒಂದು ಕಡೆ 80 ಸಾವಿರ ಪೌಂಡಿನ ತೀರ್ಮಾನ ಆಗುವಾಗ ಸಾರ್ವಜನಿಕರ ಕುರ್ಚಿಯಲ್ಲಿ ಇದ್ದವರು ಇಬ್ಬರು. ಹೊಸ ಎಸ್ಟೇಟಿನಿಂದ ಯಾರೂ ಇಲ್ಲ. ದುಡ್ಡು ಬಂದಿದ್ದು ಅವರ ಮನೆಗಳಿಂದ, ಖರ್ಚಾಗಿದ್ದು ಹಳೇ ಊರಿನ ಕಡೆ. ತಪ್ಪು ಅಂತ ಹೇಳಲಾರೆ, ಕೇಳಿದವರಿಗೆ ಕೊಟ್ಟರು ಅಷ್ಟೇ.

ಉಳಿದ ದೊಡ್ಡ ಪಾಲು, ನಿಮ್ಮ ಲೆಕ್ಕದಲ್ಲಿ 13 ಲಕ್ಷಕ್ಕೂ ಜಾಸ್ತಿ, ಡಿಸ್ಟ್ರಿಕ್ಟ್ ಬಳಿ. ಅದು ಇಡೀ ಡಿಸ್ಟ್ರಿಕ್ಟಿನ ಯಾವ ಮೂಲೆಯ ಮೂಲಸೌಕರ್ಯಕ್ಕಾದರೂ ಹೋಗಬಹುದು, ನಿಮ್ಮ ಎಸ್ಟೇಟಿಗೇ ಬರಬೇಕು ಅಂತಿಲ್ಲ. ಇಲ್ಲಿ ಇನ್ನೊಂದು ಸಿಕ್ಕು. ಶಾಲೆ, ದೊಡ್ಡ ರಸ್ತೆ, ಲೈಬ್ರರಿ ಕೌಂಟಿಯ ಕೆಲಸ. ಸಿಲ್ ಖಾತೆಯ ಕೀಲಿ ಡಿಸ್ಟ್ರಿಕ್ಟ್ ಕೈಯಲ್ಲಿ. ಕೆಲಸ ಮಾಡುವವರು ಒಬ್ಬರು, ದುಡ್ಡಿರುವವರು ಇನ್ನೊಬ್ಬರು. ನಿಮ್ಮನ್ನು ಚೆಂಡಿನ ಹಾಗೆ ಆಚೆ ಈಚೆ ಕಳಿಸಿದ್ದು ಇದರಿಂದಲೇ. ಅವರು ಹೇಳಿದ್ದು ಸುಳ್ಳಲ್ಲ, ಆದರೆ 'ಈ ಪ್ರಶ್ನೆ ಇಂಥವರಿಗೆ, ಆ ಪ್ರಶ್ನೆ ನಮಗೆ' ಅಂತ ಬಿಡಿಸಿ ಹೇಳುವಷ್ಟು ತಾಳ್ಮೆ ಇರಬೇಕಿತ್ತು.

ಮಧ್ಯೆ ಒಂದು ಮಾತು. ಮನೆ ವಿಸ್ತರಿಸುವವರು, ಸ್ವಂತ ಮನೆ ಕಟ್ಟುವವರು ಕೂಡ ಸಿಲ್ ಬಲೆಗೆ ಬೀಳಬಹುದು. 100 ಚದರ ಮೀಟರಿಗಿಂತ ಕಡಿಮೆ ಸೇರಿಸುವುದಾದರೆ ಚಿಂತೆ ಇಲ್ಲ. ಹೊಸ ಮನೆಯೇ ಆದರೆ ಎಷ್ಟು ಚಿಕ್ಕದಾದರೂ ಲೆಕ್ಕಕ್ಕೆ ಬರುತ್ತದೆ. ಸ್ವಂತಕ್ಕೆ ಕಟ್ಟಿಕೊಳ್ಳುವವರಿಗೆ ವಿನಾಯಿತಿ ಇದೆ, ಆದರೆ ಗುದ್ದಲಿ ಹಾಕುವ ಮೊದಲೇ ಫಾರಂ ತುಂಬಿ ಒಪ್ಪಿಗೆ ತಗೊಂಡಿರಬೇಕು. ಒಂದು ದಿನ ಮೊದಲು ಅಗೆದರೂ ವಿನಾಯಿತಿ ಹೋಗುತ್ತದೆ. ಇದರಿಂದ ಹತ್ತಾರು ಸಾವಿರ ಪೌಂಡ್ ಕಳಕೊಂಡವರನ್ನು ಕಣ್ಣಾರೆ ನೋಡಿದ್ದೇನೆ, ದಯವಿಟ್ಟು ಹುಷಾರು.

ನಿಮ್ಮ 300 ಪೌಂಡ್ ಎಸ್ಟೇಟ್ ಚಾರ್ಜ್‌ಗೂ ಈ ಒಪ್ಪಂದಕ್ಕೂ ನೇರ ಸಂಬಂಧ ಇದೆ. ಹಸಿರು ಜಾಗ, ಆಟದ ಜಾಗ ಮುಗಿದ ಮೇಲೆ ನೋಡಿಕೊಳ್ಳುವವರು ಯಾರು? ಒಪ್ಪಂದ ಎರಡು ದಾರಿ ಕೊಟ್ಟಿದೆ. ಕೌನ್ಸಿಲ್‌ಗೆ ಒಪ್ಪಿಸಿ, ಮುಂದಿನ ಕೆಲವು ವರ್ಷಗಳ ನಿರ್ವಹಣೆಗೆ ಒಂದು ಇಡಿಗಂಟು ಕೊಡುವುದು. ಇಲ್ಲವೇ ಒಂದು ಮ್ಯಾನೇಜ್‌ಮೆಂಟ್ ಕಂಪನಿ ಮಾಡಿ, ಖರ್ಚನ್ನು ಮನೆಯವರ ಮೇಲೆ ಹಾಕುವುದು. ಆಯ್ಕೆ ಬಿಲ್ಡರ್‌ನದು ಅಂತ ಬರೆದಿದ್ದಾರೆ. ಬಿಲ್ಡರ್ ಯಾವುದನ್ನು ಆರಿಸುತ್ತಾನೆ ಅನ್ನುವುದು ಗೊತ್ತೇ ಇದೆ. ದೇಶದ 11 ದೊಡ್ಡ ಬಿಲ್ಡರ್‌ಗಳು 2021-22ರಲ್ಲಿ ಮಾರಿದ ಹೊಸ ಮನೆಗಳಲ್ಲಿ ನೂರಕ್ಕೆ 80ಕ್ಕೆ ಇಂಥ ಚಾರ್ಜ್ ಇತ್ತು, ಸರಾಸರಿ ವರ್ಷಕ್ಕೆ 350 ಪೌಂಡ್ ಅಂತ ಪೈಪೋಟಿ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸಿಎಂಎ 2024ರಲ್ಲಿ ಹೇಳಿತು. ಪಾರ್ಕಿಗೆ ಊರಿನವರೆಲ್ಲ ಬರುತ್ತಾರೆ, ಹುಲ್ಲು ಕತ್ತರಿಸುವ ದುಡ್ಡು ಮಾತ್ರ ನಿಮ್ಮದು. ಇದು ಅನ್ಯಾಯ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಆದರೆ ನಿಮ್ಮ ಮನೆ ಪತ್ರದಲ್ಲಿ ಆ ಷರತ್ತು ಇದೆ, ಈಗ ಕಟ್ಟದೆ ಬಿಟ್ಟರೆ ಮನೆ ಮಾರುವಾಗ ತೊಂದರೆಯಾಗುತ್ತದೆ. ಆಟದ ಜಾಗ ಇನ್ನೂ ಕಟ್ಟಿಯೇ ಇಲ್ಲವಲ್ಲ, ಅದರ ನಿರ್ವಹಣೆಯ ಬಾಬ್ತು ಈ 300ರಲ್ಲಿ ಸೇರಿದೆಯಾ ಅಂತ ಕಂಪನಿಯನ್ನು ಬರವಣಿಗೆಯಲ್ಲಿ ಕೇಳಿ. ಸೇರಿದ್ದರೆ ಆ ಭಾಗ ವಾಪಸ್ ಕೇಳಲು ನಿಮಗೆ ಒಳ್ಳೆಯ ಕಾರಣ ಇದೆ.

ಖರ್ಚಾಗದೆ ಕೂತ ದುಡ್ಡಿನ ಬಗ್ಗೆ ಪತ್ರಿಕೆಗಳಲ್ಲಿ ನೀವು ಓದಿರಬಹುದು. ಕೌನ್ಸಿಲ್‌ಗಳ ಬಳಿ 800 ಕೋಟಿ ಪೌಂಡಿಗೂ ಜಾಸ್ತಿ ಕೊಳೆಯುತ್ತಿದೆ ಅಂತ 2024ರಲ್ಲಿ ಮನೆ ಕಟ್ಟುವ ಕಂಪನಿಗಳ ಸಂಘ ಅಂದಾಜು ಹೇಳಿತು. ಹೇಳಿದವರು ದುಡ್ಡು ಕೊಡುವ ಕಡೆಯವರು ಅನ್ನುವುದನ್ನೂ ನೆನಪಿಡಿ. ಅದರಲ್ಲಿ ದೊಡ್ಡ ಭಾಗ ನಿಮ್ಮ ಶಾಲೆಯ 4 ಲಕ್ಷದ ಹಾಗೆ ಜೊತೆಗಾರ ದುಡ್ಡಿಗಾಗಿ ಕಾಯುತ್ತಿರುತ್ತದೆ. ಆದರೆ ನಿಜವಾಗಿ ಮರೆತುಹೋದ ದುಡ್ಡೂ ಇರುತ್ತದೆ, ಅದನ್ನು ಮುಚ್ಚಿಡಬಾರದು. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ, ಇಂಥ ನಂಬರಿನ ಬಸ್ಸಿನ ದಾರಿಯಲ್ಲಿ ಶೆಲ್ಟರ್ ಕಟ್ಟಲು ಅಂತ ಒಪ್ಪಂದದಲ್ಲಿ ಬರೆದಿದ್ದರು. ಎರಡೇ ವರ್ಷದಲ್ಲಿ ಆ ಬಸ್ಸೇ ನಿಂತುಹೋಯಿತು. ಬೇರೆ ಬಸ್ಸಿನ ದಾರಿಗೆ ಹಾಕಬೇಕಂದರೆ ಒಪ್ಪಂದ ತಿದ್ದಬೇಕು, ಬಿಲ್ಡರ್ ಸಹಿ ಬೇಕು. ಪತ್ರ ಬರೆಯೋಣ ಬರೆಯೋಣ ಅಂತ ಅವಧಿ ಮುಗಿಯಿತು. 38 ಸಾವಿರ ಪೌಂಡ್ ಬಡ್ಡಿ ಸಮೇತ ವಾಪಸ್ ಹೋಯಿತು. ಆ ಚೆಕ್ಕಿನ ಜೊತೆಗಿನ ಪತ್ರಕ್ಕೆ ಸಹಿ ಮಾಡಿದವನು ನಾನೇ. ಮಳೆಯಲ್ಲಿ ಆ ರಸ್ತೆಯಲ್ಲಿ ನಿಂತಿರುವವರನ್ನು ಕಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇಂಥದ್ದನ್ನು ಹಿಡಿಯಲು ಈಗ ನಿಮ್ಮ ಕೈಯಲ್ಲೂ ಸಾಧನ ಇದೆ. 2020ರಿಂದ, ಇಂಥ ದುಡ್ಡು ಪಡೆಯುವ ಪ್ರತಿ ಕೌನ್ಸಿಲ್ ವರ್ಷಕ್ಕೊಮ್ಮೆ ಡಿಸೆಂಬರ್ 31ರೊಳಗೆ ಇನ್‌ಫ್ರಾಸ್ಟ್ರಕ್ಚರ್ ಫಂಡಿಂಗ್ ಸ್ಟೇಟ್‌ಮೆಂಟ್ ಅನ್ನುವ ಲೆಕ್ಕ ಪ್ರಕಟಿಸಬೇಕು. ಎಷ್ಟು ಬಂತು, ಯಾವುದಕ್ಕೆ ಹೋಯಿತು, ಎಷ್ಟು ಉಳಿದಿದೆ. ಕೌಂಟಿಯದು ಬೇರೆ, ಡಿಸ್ಟ್ರಿಕ್ಟಿನದು ಬೇರೆ, ಎರಡನ್ನೂ ನೋಡಿ. ಪ್ಯಾರಿಷ್ ಕೂಡ ತನ್ನ ಸಿಲ್ ಲೆಕ್ಕ ಕೊಡಬೇಕು. ಅಲ್ಲಿ ಸಿಗದ ವಿವರವನ್ನು ಮಾಹಿತಿ ಹಕ್ಕಿನ ಕಾನೂನಾದ ಫ್ರೀಡಮ್ ಆಫ್ ಇನ್‌ಫರ್ಮೇಷನ್ ಅಡಿಯಲ್ಲಿ ಕೇಳಬಹುದು, 20 ಕೆಲಸದ ದಿನದಲ್ಲಿ ಉತ್ತರ ಬರಬೇಕು. ಕೇಳುವಾಗ 'ಬಿಲ್ಡರ್ ದುಡ್ಡಿನ ಪೂರ್ತಿ ವಿವರ ಕೊಡಿ' ಅಂತ ಕೇಳಬೇಡಿ. 'ಇಂಥ ಅರ್ಜಿ ನಂಬರಿನ ಶಾಲೆ ಬಾಬ್ತಿನ ಮೊದಲ ಕಂತು ಯಾವ ದಿನ ಬಂತು, ಇವತ್ತು ಎಷ್ಟು ಉಳಿದಿದೆ, ಯಾವ ಕಾಮಗಾರಿಗೆ ಇಟ್ಟಿದ್ದಾರೆ' ಅಂತ ಕೇಳಿ. ನಾನು ಆ ಕಡೆ ಕೂತಿದ್ದವನು, ಹೇಳುತ್ತೇನೆ. ಎರಡನೇ ರೀತಿಯ ಪ್ರಶ್ನೆಗೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ.

ಈ ಎರಡು ಹುಂಡಿಗಳನ್ನು ತೆಗೆದು ಒಂದೇ ಹೊಸ ಲೆವಿ ತರುತ್ತೇವೆ ಅಂತ 2023ರಲ್ಲಿ ಕಾನೂನು ಮಾಡಿದ್ದರು. ಸರ್ಕಾರ ಬದಲಾಯಿತು, 2024ರಲ್ಲಿ ಹೊಸ ಸರ್ಕಾರ ಅದನ್ನು ಜಾರಿ ಮಾಡುವುದಿಲ್ಲ ಅಂದಿತು. ಆದ್ದರಿಂದ ಕಾನೂನು ಬದಲಾಗುತ್ತದೆ ಅಂತ ಕಾಯಬೇಡಿ, ಇರುವುದರಲ್ಲೇ ಕೆಲಸ ಮಾಡಿಸಿಕೊಳ್ಳಿ.

ನಿಮ್ಮ ವಿಷಯದಲ್ಲಿ ಈ ವಾರವೇ ಆಗಬೇಕಾದ್ದು ಆಟದ ಜಾಗದ ಪತ್ರ. ಎಸ್ಟೇಟಿನ ವಾಟ್ಸಾಪ್ ಗುಂಪಿನಲ್ಲಿ ಹೊಸಬರು ಸೇರಿದ ತಾರೀಖುಗಳು ಇರುತ್ತವೆ, 151ನೇ ಮನೆ ಯಾವಾಗ ತುಂಬಿತು ಅನ್ನುವುದಕ್ಕೆ ಅದೇ ಸಾಕು. ಅದೇ ಪಟ್ಟಿಯನ್ನು ಮುಂದೆಯೂ ಇಟ್ಟುಕೊಂಡಿರಿ. ಶಾಲೆಯ ಇನ್ನರ್ಧ ದುಡ್ಡಿಗೆ ಇನ್ನು ಹತ್ತೇ ಮನೆ ಬಾಕಿ. ಕೌಂಟಿಯ ಶಿಕ್ಷಣ ವಿಭಾಗಕ್ಕೆ ಈಗಲೇ ಒಂದು ಸಾಲು ಬರೆದು, 180ನೇ ಮನೆಗೆ ಜನ ಬಂದ ದಿನ ಇನ್ನೊಂದು ಸಾಲು ಬರೆಯಿರಿ.